ಮಗಳು ಓದುತ್ತಿರುವ ‘ದಿ ಕ್ಯಾಚರ್ ಇನ್ ದ ರೈ’ ನಾನೂ ಓದಿದೆ. ಸುಮ್ಮನಿರಲೋ, ಮಾತಾಡಲೋ?

ಸಾಗರದ ಅಂಗಡಿಯವರು

ನಮಸ್ಕಾರ. ಸಾಗರದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಕಾರಂತರು, ತೇಜಸ್ವಿ ಓದಿಕೊಂಡು ಬಂದವನು. ಇಂಗ್ಲಿಷ್ ಕಾದಂಬರಿ ಒಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಇದೇ ಮೊದಲು. ಇಲ್ಲಿ ತಿಳಿದವರು ಬಹಳ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮಗಳಿಗೆ ಹದಿನಾರು. ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಫಸ್ಟ್ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ. ದಸರಾ ರಜೆಗೆ ಬಂದಾಗ ಅವಳ ಕೈಯಲ್ಲಿ ಈ ಪುಸ್ತಕ ನೋಡಿದೆ. ರೂಮ್‌ಮೇಟ್ ಕೊಟ್ಟದ್ದಂತೆ. ಊಟದ ಹೊತ್ತಿಗೂ ತಟ್ಟೆ ಪಕ್ಕದಲ್ಲಿ ಇಟ್ಟುಕೊಂಡಿರುತ್ತಿದ್ದಳು. ಏನು ಕಥೆ ಅಂತ ಕೇಳಿದರೆ, “ಏನೂ ಇಲ್ಲ, ಒಬ್ಬ ಹುಡುಗ ಅಷ್ಟೇ” ಅಂದಳು. ಅವಳ ಪುಸ್ತಕ ಮುಟ್ಟುವುದು ಬೇಡ ಅನ್ನಿಸಿ ನಾನೇ ಇನ್ನೊಂದು ಪ್ರತಿ ತರಿಸಿದೆ. ಅಂಗಡಿ ಬಾಗಿಲು ಹಾಕಿದ ಮೇಲೆ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ರಾತ್ರಿಗೊಂದು ಅಧ್ಯಾಯ. ಒಟ್ಟು 26 ಅಧ್ಯಾಯ. ಮೊನ್ನೆ ಮುಗಿಯಿತು.

ಓದದವರಿಗಾಗಿ ಹೇಳುತ್ತೇನೆ. ಬರೆದವರು ಜೆ. ಡಿ. ಸ್ಯಾಲಿಂಜರ್, 1951ರ ಪುಸ್ತಕ. ಹೋಲ್ಡನ್ ಕಾಲ್‌ಫೀಲ್ಡ್ ಅಂತ ನ್ಯೂಯಾರ್ಕಿನ ಶ್ರೀಮಂತರ ಮನೆ ಹುಡುಗ. ಬೋರ್ಡಿಂಗ್ ಶಾಲೆಯಲ್ಲಿ ನಾಲ್ಕು ವಿಷಯ ಫೇಲಾಗಿ ಹೊರಗೆ ಹಾಕಿಸಿಕೊಂಡಿದ್ದಾನೆ. ಅಪ್ಪ ಅಮ್ಮನಿಗೆ ಪತ್ರ ತಲುಪುವುದು ಇನ್ನೂ ಎರಡು ಮೂರು ದಿನ. ಅಲ್ಲಿಯವರೆಗೆ ಮನೆಗೆ ಹೋಗುವ ಹಾಗಿಲ್ಲ. ಡಿಸೆಂಬರ್ ಚಳಿಯಲ್ಲಿ ಹೋಟೆಲು, ಬಾರು, ಟ್ಯಾಕ್ಸಿ, ಪಾರ್ಕು ಅಂತ ಒಬ್ಬನೇ ಅಲೆಯುತ್ತಾನೆ. ಇಷ್ಟೇ ಕಥೆ.

ನಿಜ ಹೇಳಬೇಕೆಂದರೆ ಮೊದಲ ಹತ್ತು ರಾತ್ರಿ ನನಗೆ ಆ ಹುಡುಗನ ಮೇಲೆ ಸಿಟ್ಟೇ ಬಂತು. ಮೇಷ್ಟ್ರು ಸೋಗಿನವರು, ಗೆಳೆಯರು ಸೋಗಿನವರು, ಸಿನಿಮಾ ಸೋಗು, ಪಿಯಾನೋ ಬಾರಿಸುವವನೂ ಸೋಗು. ಅವನ ಕಣ್ಣಿಗೆ ಬೀಳುವುದೆಲ್ಲ ಹಾಳೇ. ಸಿಗರೇಟು, ಕುಡಿತ. ಹೋಟೆಲ್ ರೂಮಿಗೆ ಒಬ್ಬ ಹೆಂಗಸನ್ನು ಕರೆಸಿಕೊಳ್ಳುವ ಅಧ್ಯಾಯವೂ ಇದೆ. ಅದನ್ನು ಓದುವಾಗ ಇದನ್ನು ನನ್ನ ಮಗಳೂ ಓದಿದ್ದಾಳಲ್ಲ ಅಂತ ಕೈ ನಡುಗಿತು. ಆಮೇಲೆ ಮೊಬೈಲಿನಲ್ಲಿ ಹುಡುಕಿದರೆ 1980ರಲ್ಲಿ ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್‌ನನ್ನು ಕೊಂದವನ ಹತ್ತಿರ ಇದೇ ಪುಸ್ತಕ ಇತ್ತು ಅಂತ ಸಿಕ್ಕಿತು. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಮಗಳ ಸ್ವಭಾವ ಹೇಳದಿದ್ದರೆ ನನ್ನ ಹೆದರಿಕೆ ನಿಮಗೆ ಅರ್ಥವಾಗಲಿಕ್ಕಿಲ್ಲ. ಮೊದಲಿನಿಂದಲೂ ಮಾತು ಕಡಿಮೆ. ನೆಂಟರು ಬಂದರೆ ಮಹಡಿ ಹತ್ತಿಬಿಡುವವಳು. ಈಗೊಂದು ವರ್ಷದಿಂದ ಇನ್ನೂ ಕಡಿಮೆ. ಭಾನುವಾರ ಫೋನ್ ಮಾಡಿದರೆ “ಹೂಂ, ಆಯ್ತು, ಇಡ್ಲಾ ಅಪ್ಪ” ಇಷ್ಟೇ. ಒಂದು ಸಲ “ಇಷ್ಟೆಲ್ಲ ಓದಿ ಏನಾಗ್ಬೇಕು, ಎಲ್ಲರೂ ಓದ್ತಾರೆ, ಅರ್ಧ ಜನಕ್ಕೆ ಸೀಟಿಲ್ಲ, ಸೀಟು ಸಿಕ್ಕಿದವರೂ ಖುಷಿಯಾಗೇನಿಲ್ಲ” ಅಂದಳು. ಹದಿನಾರಕ್ಕೇ ಹೀಗೆ ಮಾತಾಡಿದರೆ ಹೇಗೆ? ಮಾರ್ಕ್ಸ್ ಚೆನ್ನಾಗಿಯೇ ಬರುತ್ತಿದೆ. ಊಟ ನಿದ್ದೆ ಸರಿ ಇದೆ ಅಂತ ವಾರ್ಡನ್ ಹೇಳುತ್ತಾರೆ. ಹಿಂದಿನ ಮಾಘ ಮಾಸದಲ್ಲಿ ನಮ್ಮ ತಾಯಿ ತೀರಿಕೊಂಡರು. ಆಗ ಇವಳಿಗೆ ಎಸ್ಸೆಸ್ಸೆಲ್ಸಿ. ಅಜ್ಜಿ ಕೋಣೆಯಲ್ಲೇ ಮಲಗುತ್ತಿದ್ದವಳು, ಅವತ್ತು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅಜ್ಜಿಯ ಕವಳದ (ಎಲೆ ಅಡಿಕೆಯ) ಸಂಚಿ ಹಾಸ್ಟೆಲ್ಲಿಗೆ ತೆಗೆದುಕೊಂಡು ಹೋಗಿದ್ದಾಳೆ. ಬಸ್ ಪಾಸು, ಪೆನ್ನು ಅದರಲ್ಲೇ ಇಡುತ್ತಾಳೆ ಅಂತ ಕಾಣುತ್ತದೆ.

ಕೇಳುವುದು ಇಷ್ಟೇ. ಮೊದಲೇ ಮೌನಿ, ಮೊದಲೇ ಎಲ್ಲದರಲ್ಲೂ ಕೆಟ್ಟದ್ದೇ ಕಾಣುವ ಮಗುವಿಗೆ ಇಂಥ ಪುಸ್ತಕ ಉರಿಯುವ ಬೆಂಕಿಗೆ ತುಪ್ಪ ಆಗುವುದಿಲ್ಲವೇ? ಓದಿದ್ದೇನೆ ಅಂತ ಅವಳಿಗೆ ಹೇಳಲೋ ಬೇಡವೋ?

ಹಾಸನದ ನಿವೃತ್ತ ಮೇಷ್ಟ್ರು

ನಿಮ್ಮ ಆತಂಕ ಸರಿಯಾಗಿಯೇ ಇದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡು ನಿವೃತ್ತನಾದವನು ನಾನು. ಈ ಪುಸ್ತಕ ಎಂ.ಎ. ಓದುವಾಗ ಓದಿದ್ದೆ. ಬರವಣಿಗೆ ಬಹಳ ಮೇಲ್ಮಟ್ಟದ್ದು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಹದಿನಾರರ ಮಕ್ಕಳು ತಾವು ಓದಿದ ಪಾತ್ರದ ಹಾಗೆ ಮಾತಾಡಲು ಶುರುಮಾಡುತ್ತಾರೆ. ಅದನ್ನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅಮೆರಿಕದಲ್ಲೇ ಇದರ ಬಗ್ಗೆ ಜಗಳಗಳಾಗಿವೆ. 1960ರಲ್ಲಿ ಓಕ್ಲಹೋಮಾದ ಟಲ್ಸಾದಲ್ಲಿ ಇದನ್ನು ಹನ್ನೊಂದನೇ ತರಗತಿಗೆ ಓದಲು ಕೊಟ್ಟ ಟೀಚರನ್ನು ಕೆಲಸದಿಂದ ತೆಗೆದರು. ಮೇಲ್ಮನವಿ ಮಾಡಿ ಅವರು ಕೆಲಸಕ್ಕೆ ವಾಪಸ್ ಬಂದರೂ ಪುಸ್ತಕ ಶಾಲೆಗೆ ವಾಪಸ್ ಬರಲಿಲ್ಲ.

ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಎರಡು ಸಲ ಓದುತ್ತಾಳೆ. ಇದರ ಜೊತೆಗೆ ಕಾಡು, ಹಕ್ಕಿ, ಜನ ತುಂಬಿರುವ ನಮ್ಮ ಕಡೆಯ ಒಂದು ಪುಸ್ತಕವನ್ನೂ ಅವಳ ಮೇಜಿನ ಮೇಲೆ ಇಡಿ. ಲೋಕದಲ್ಲಿ ಹೋಲ್ಡನ್ ಕಾಣದ ಎಷ್ಟೋ ಸಂಗತಿ ಇವೆ ಅಂತ ಅವಳಿಗೆ ಗೊತ್ತಾಗಲಿ.

ಮೈಸೂರಿನ ಗ್ರಂಥಪಾಲಕಿ

ಸರ್, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದೆ. ಕೆಲಸ ಮುಗಿಸಿ ಮನೆಗೆ ಬಂದು ಪುಸ್ತಕ ತೆಗೆದು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಡಿಕ್ಷನರಿ ಹಿಡಿದು 26 ರಾತ್ರಿ ಓದಿದ ಅಪ್ಪನಿಗೆ ಎರಡು ಸಾಲಿನ ಉತ್ತರ ಕೊಟ್ಟು ಕಳಿಸುವುದು ನನಗೆ ಸಾಧ್ಯವಿಲ್ಲ.

ನಾನು ಕಾಲೇಜು ಲೈಬ್ರರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಈ ಪುಸ್ತಕ ಯಾರು ತೆಗೆದುಕೊಂಡು ಹೋಗುತ್ತಾರೆ ಅಂತ ಕೌಂಟರಿನಲ್ಲಿ ಕೂತು ನೋಡಿದ್ದೇನೆ. ಗಲಾಟೆ ಮಾಡುವ ಹುಡುಗರು ಒಂದು ವಾರದಲ್ಲೇ ವಾಪಸ್ ತಂದು, ಇದರಲ್ಲಿ ಏನೂ ಆಗೋದೇ ಇಲ್ಲ ಮೇಡಂ ಅನ್ನುತ್ತಾರೆ. ಮೂಲೆಯ ಮೇಜಿನವರು ಮಾತ್ರ ರಿನ್ಯೂ ಮಾಡಿಸುತ್ತಾರೆ. ಅವರ ಮೌನ ಪುಸ್ತಕದಿಂದ ಬಂದದ್ದಲ್ಲ ಸರ್. ಮೌನ ಮೊದಲೇ ಇತ್ತು. ಅದಕ್ಕೊಂದು ಜೊತೆ ಸಿಕ್ಕಿತು, ಅಷ್ಟೇ. ನಿಮ್ಮ ಮಗಳು “ಒಬ್ಬ ಹುಡುಗ ಅಷ್ಟೇ” ಅಂದಳಲ್ಲ, ಆ ಮಾತು ನನಗೆ ಬಹಳ ಸರಿ ಅನ್ನಿಸಿತು.

ಈಗ ನಿಮ್ಮ ಪ್ರತಿಯಲ್ಲಿ ಒಂಬತ್ತನೇ ಅಧ್ಯಾಯದ ಮೊದಲ ಪುಟ ತೆಗೆಯಿರಿ. ರೈಲು ಇಳಿದ ತಕ್ಷಣ ಹುಡುಗ ಟೆಲಿಫೋನ್ ಬೂತಿಗೆ ಹೋಗುತ್ತಾನೆ. ಯಾರಿಗಾದರೂ ಫೋನ್ ಮಾಡಬೇಕು. ಅಣ್ಣ ದೂರದ ಹಾಲಿವುಡ್‌ನಲ್ಲಿದ್ದಾನೆ. ತಂಗಿ ಮಲಗಿರುತ್ತಾಳೆ. ಇಷ್ಟವಾದ ಹುಡುಗಿ ಇದ್ದಾಳೆ, ಮನಸ್ಸು ಬರುವುದಿಲ್ಲ. ಒಬ್ಬೊಬ್ಬರ ಹೆಸರಿಗೂ ಒಂದು ಕಾರಣ ಹುಡುಕಿ, ಇಪ್ಪತ್ತು ನಿಮಿಷ ಬೂತಿನೊಳಗೇ ಇದ್ದು, ಯಾರಿಗೂ ಮಾಡದೆ ಹೊರಗೆ ಬರುತ್ತಾನೆ. ಮುಂದೆ ಇಡೀ ಪುಸ್ತಕದಲ್ಲಿ ಎಷ್ಟು ಸಲ ಫೋನಿನ ಹತ್ತಿರ ಹೋಗುತ್ತಾನೆ ನೋಡಿ. ಟ್ಯಾಕ್ಸಿ ಡ್ರೈವರನ್ನು ಒಂದು ಡ್ರಿಂಕ್ ತೆಗೆದುಕೊಳ್ಳೋಣ ಬಾ ಅಂತ ಕರೆಯುತ್ತಾನೆ. ಜನರನ್ನು ಸೋಗಿನವರು ಅಂತ ಬೈಯುವ ಇದೇ ಹುಡುಗ, ಯಾರಾದರೂ ಒಬ್ಬರು ಹತ್ತು ನಿಮಿಷ ಪಕ್ಕದಲ್ಲಿ ಕೂರಲಿ ಅಂತ ಊರೆಲ್ಲ ಸುತ್ತುತ್ತಾನೆ. ಕಥೆಯೊಳಗೆ ಯಾರಿಗೂ ಹೇಳಲಾಗದ್ದನ್ನೆಲ್ಲ ಅವನು ಓದುವವರಿಗೆ ಹೇಳುತ್ತಾನೆ. ಮೌನಿ ಮಕ್ಕಳು ಈ ಪುಸ್ತಕವನ್ನು ಎದೆಗೆ ಅವುಚಿಕೊಳ್ಳುವುದು ಅದಕ್ಕೇ ಅಂತ ನಾನು ತಿಳಿದಿದ್ದೇನೆ. ಅವನ ಮಾತು ಕೇಳುತ್ತಿರುವುದು ತಾವೊಬ್ಬರೇ ಅಂತ ಅವರಿಗೆ ಅನ್ನಿಸುತ್ತದೆ.

ಹೋಟೆಲಿನ ಆ ಅಧ್ಯಾಯದ ಬಗ್ಗೆ ಹೇಳಿದಿರಿ. ಅದು ಹದಿಮೂರನೆಯದು. ನಿಮ್ಮ ಕೈ ನಡುಗಿದ್ದು ನನಗೆ ಅರ್ಥವಾಗುತ್ತದೆ, ನನಗೂ ಮಗಳಿದ್ದಾಳೆ. ಆದರೆ ಅಲ್ಲಿ ನಿಜವಾಗಿ ಏನು ನಡೆಯುತ್ತದೆ? ಆ ಹುಡುಗಿ ಒಳಗೆ ಬಂದ ಮೇಲೆ ಇವನಿಗೆ ದುಃಖ ಒತ್ತರಿಸಿಕೊಂಡು ಬರುತ್ತದೆ. ಅವಳ ಹಸಿರು ಉಡುಪು ಬೀರುವಿನಲ್ಲಿ ನೇತುಹಾಕುವಾಗ, ಅವಳು ಅದನ್ನು ಅಂಗಡಿಗೆ ಹೋಗಿ ಕೊಂಡಿದ್ದು, ಅಂಗಡಿಯವನಿಗೆ ಅವಳು ಯಾರು ಅಂತ ಗೊತ್ತೇ ಇರಲಿಲ್ಲವಲ್ಲ ಅಂತ ನೆನೆದು ಸಂಕಟಪಡುತ್ತಾನೆ. ಸುಮ್ಮನೆ ಮಾತಾಡೋಣ ಅನ್ನುತ್ತಾನೆ. ಅವಳನ್ನು ಮುಟ್ಟದೆ ದುಡ್ಡು ಕೊಟ್ಟು ಕಳಿಸುತ್ತಾನೆ. ಹದಿನಾಲ್ಕನೇ ಅಧ್ಯಾಯದ ಮೊದಲ ಪುಟವನ್ನು ನೀವು ಗಾಬರಿಯಲ್ಲಿ ಬೇಗ ದಾಟಿಬಿಟ್ಟಿರೋ ಏನೋ. ಅವಳು ಹೋದ ಮೇಲೆ, ಹೊರಗೆ ಬೆಳಕು ಹರಿಯುವ ಹೊತ್ತಿಗೆ, ಕುರ್ಚಿಯ ಮೇಲೆ ಕೂತು ಅವನು ಸತ್ತುಹೋದ ತಮ್ಮನ ಜೊತೆ ಗಟ್ಟಿಯಾಗಿ ಮಾತಾಡುತ್ತಾನೆ. ಯಾವಾಗಲೋ ಒಂದು ಸಲ ತಮ್ಮ ಜೊತೆಗೆ ಬರುತ್ತೇನೆ ಅಂದಾಗ, ನೀನು ಚಿಕ್ಕವನು ಬೇಡ ಅಂತ ಬಿಟ್ಟು ಹೋಗಿದ್ದ. ಈಗ ಆ ಖಾಲಿ ಕೋಣೆಯಲ್ಲಿ, ಸರಿ, ಮನೆಗೆ ಹೋಗಿ ಸೈಕಲ್ ತಗೊಂಡು ಬಾ, ಬೇಗ ಬಾ, ಅಂತ ಕರೆಯುತ್ತಾನೆ. ಮನಸ್ಸು ಕುಸಿದಾಗಲೆಲ್ಲ ಹೀಗೆ ಕರೆಯುತ್ತಾನಂತೆ.

ಆ ತಮ್ಮನ ಹೆಸರು ಆಲಿ. ಹೋಲ್ಡನ್‌ಗಿಂತ ಎರಡು ವರ್ಷ ಚಿಕ್ಕವನು, ಕೆಂಪು ಕೂದಲು, ಲುಕೇಮಿಯಾದಿಂದ 1946ರ ಜುಲೈನಲ್ಲಿ ಹೋದ. ಆಗ ಹೋಲ್ಡನ್‌ಗೆ ಹದಿಮೂರು. ಅವತ್ತು ರಾತ್ರಿ ಗ್ಯಾರೇಜಿನಲ್ಲಿ ಮಲಗಿ, ಅಲ್ಲಿದ್ದ ಕಿಟಕಿ ಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಆ ಕೈ ಇನ್ನೂ ಪೂರ್ತಿ ಮುಷ್ಟಿ ಕಟ್ಟಲು ಬರುವುದಿಲ್ಲ. ತಮ್ಮನ ಬೇಸ್‌ಬಾಲ್ ಕೈಗವಸು ಮಾತ್ರ ಎಲ್ಲಿ ಹೋದರೂ ಅವನ ಪೆಟ್ಟಿಗೆಯಲ್ಲಿ ಇರುತ್ತದೆ. ಮೈದಾನದಲ್ಲಿ ಸುಮ್ಮನೆ ನಿಂತಿರಬೇಕಾದಾಗ ಓದಿಕೊಳ್ಳಲಿಕ್ಕೆ ಅಂತ ಆಲಿ ಅದರ ಬೆರಳು ಬೆರಳಿಗೂ ಹಸಿರು ಇಂಕಿನಲ್ಲಿ ಪದ್ಯಗಳನ್ನು ಬರೆದಿಟ್ಟಿದ್ದ. ಅದನ್ನು ಹೋಲ್ಡನ್ ಹೊರಗಿನವರಲ್ಲಿ ತೋರಿಸಿದ್ದು ಒಬ್ಬಳೇ ಹುಡುಗಿಗೆ.

ಸರ್, ನಿಮ್ಮ ಪ್ರಶ್ನೆಯಲ್ಲಿ ಪುಸ್ತಕದ ಬಗ್ಗೆ ಮೂರು ಪ್ಯಾರಾ ಇದೆ. ನಿಮ್ಮ ತಾಯಿ ತೀರಿಕೊಂಡದ್ದು ಎರಡು ಸಾಲಿನಲ್ಲಿ ಬಂದು ಹೋಗಿದೆ. ಮಗಳ ಮಾತು ಕಡಿಮೆಯಾಗಿ ಒಂದು ವರ್ಷ ಅಂದಿರಿ. ಮಾಘದಿಂದ ಲೆಕ್ಕ ಹಾಕಿದರೆ ಎಷ್ಟಾಯಿತು? ಕವಳದ ಸಂಚಿ ಹಾಸ್ಟೆಲ್ಲಿಗೆ ಹೋಯಿತು ಅಂತ ನೀವೇ ಬರೆದಿದ್ದೀರಿ. ಅದನ್ನು ಓದಿದಾಗ ನನಗೆ ಈ ಕೈಗವಸೇ ಕಣ್ಣ ಮುಂದೆ ಬಂತು. ನಾನು ದೂರದಲ್ಲಿ ಕೂತು ನಿಮ್ಮ ಮನೆ ಸಂಗತಿ ತೀರ್ಮಾನ ಮಾಡುತ್ತಿಲ್ಲ. ಅಳದೇ ಇರುವುದು ದುಃಖವಿಲ್ಲ ಅಂತಲ್ಲ, ಇಷ್ಟು ಮಾತ್ರ ಹೇಳಬಲ್ಲೆ.

ಮೇಷ್ಟ್ರೇ, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ಪುಸ್ತಕದಲ್ಲಿ ಒಳ್ಳೆಯದು ಕಾಣುವುದೇ ಇಲ್ಲ ಅನ್ನುವುದು ನನಗೆ ಸರಿ ಕಾಣಲಿಲ್ಲ. ಹತ್ತು ವರ್ಷದ ತಂಗಿ ಫೀಬಿಗಾಗಿ ಅವನು ಸಿಗುವುದೇ ಕಷ್ಟವಾದ ಒಂದು ಗ್ರಾಮಫೋನ್ ರೆಕಾರ್ಡು ಕೊಳ್ಳುತ್ತಾನೆ. ಪಾರ್ಕಿನಲ್ಲಿ ಅದು ಬಿದ್ದು ಚೂರು ಚೂರಾಗುತ್ತದೆ. ಬಿಸಾಡಲಾರದೆ ಚೂರುಗಳನ್ನೇ ಕೋಟಿನ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ತಂಗಿ ಏನು ಮಾಡುತ್ತಾಳೆ ಗೊತ್ತಲ್ಲ? ಕೊಡು, ಚೂರನ್ನೇ ಇಟ್ಟುಕೊಳ್ಳುತ್ತೇನೆ, ಅಂತ ತೆಗೆದು ಡ್ರಾಯರಿನಲ್ಲಿ ಇಡುತ್ತಾಳೆ. ಇಡೀ ಕಾದಂಬರಿಯಲ್ಲಿ ಅವನಿಗೆ ಬೇಕಾಗಿದ್ದನ್ನು ಮಾಡಿದವಳು ಅವಳೊಬ್ಬಳೇ. ಅವಳು ಉಪದೇಶ ಮಾಡುವುದಿಲ್ಲ. ನಿನಗೆ ಇಷ್ಟವಾದದ್ದು ಒಂದಾದರೂ ಹೇಳು ಅಂತ ಬೆನ್ನು ಬೀಳುತ್ತಾಳೆ. ಅವನು ತಡವರಿಸಿ ಕೊನೆಗೆ ಹೇಳುವ ಹೆಸರು ಆಲಿಯದು.

ಕೊಲೆಗಾರನ ವಿಷಯ. ಅದು ನಡೆದದ್ದು ನಿಜ. ಅದೇ ಪುಸ್ತಕವನ್ನು ಎಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಲೋಕದ ಮಕ್ಕಳೆಲ್ಲ ಓದಿ, ಪರೀಕ್ಷೆ ಬರೆದು, ದೊಡ್ಡವರಾಗಿ, ಸಂಸಾರ ಮಾಡಿಕೊಂಡಿದ್ದಾರೆ. ಒಬ್ಬನ ಕೈಯಲ್ಲಿ ಸಿಕ್ಕಿತು ಅಂತ ಪುಸ್ತಕದ ಮೇಲೆ ಅಪವಾದ ಹಾಕಲು ನನಗೆ ಮನಸ್ಸಿಲ್ಲ. ಬರೆದವರ ಬದುಕನ್ನೂ ನೋಡಿ. ಸ್ಯಾಲಿಂಜರ್ ಎರಡನೇ ಮಹಾಯುದ್ಧದಲ್ಲಿ ಸೈನಿಕ. 1944ರ ಜೂನ್ 6ರಂದು ನಾರ್ಮಂಡಿಯ ಯೂಟಾ ಬೀಚಿನಲ್ಲಿ ಇಳಿದವರು. ಹೋಲ್ಡನ್ ಬಗ್ಗೆ ಬರೆದ ಹಾಳೆಗಳು ಆಗಲೇ ಅವರ ಹತ್ತಿರ ಇದ್ದವು. ಯುದ್ಧ ಮುಗಿಯುವ ಹೊತ್ತಿಗೆ ಮನಸ್ಸು ಸೋತು 1945ರಲ್ಲಿ ಜರ್ಮನಿಯಲ್ಲಿ ಆಸ್ಪತ್ರೆ ಸೇರಿದರು. ಅಷ್ಟು ಸಾವು ನೋಡಿದವರು ಯುದ್ಧದ ಕಾದಂಬರಿ ಬರೆಯಲಿಲ್ಲ. ತಮ್ಮನನ್ನು ಕಳೆದುಕೊಂಡ ಹುಡುಗನ ಕಾದಂಬರಿ ಬರೆದರು. ಬರೆದದ್ದು ದೊಡ್ಡವರಿಗೆ. ಹರೆಯದವರ ಕಾದಂಬರಿ ಅಂತ ಆಗ ಈಗಿನಂತೆ ಬೇರೆ ಕಪಾಟು ಇರಲಿಲ್ಲ. ಮಕ್ಕಳೇ ಅದನ್ನು ತಮ್ಮದು ಮಾಡಿಕೊಂಡರು.

ಓದಿದ್ದೇನೆ ಅಂತ ಅವಳಿಗೆ ಹೇಳಿ. ಎಷ್ಟನೇ ಅಧ್ಯಾಯದಲ್ಲಿ ಸಿಟ್ಟು ಬಂತು ಅನ್ನುವುದನ್ನೂ ಹೇಳಿ. ಅದರಿಂದ ಏನು ಕಲಿತೆ ಅಂತ ಮಾತ್ರ ದಯವಿಟ್ಟು ಕೇಳಬೇಡಿ.

ಕಡೆಯದಾಗಿ, ಅಂಗಡಿಯಲ್ಲಿ ಕೂತು ದಿನಾ ಔಷಧಿ ಚೀಟಿ ನೋಡುವವರು ನೀವು, ಆದರೂ ಹೇಳಿಬಿಡುತ್ತೇನೆ. ಊಟ ಬಿಡುವುದು, ರಾತ್ರಿಯಿಡೀ ಎಚ್ಚರ ಇರುವುದು, ತನ್ನ ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, ಇನ್ನು ಇದ್ದು ಏನು ಅನ್ನುವ ಮಾತು, ಇವು ಕಂಡರೆ ಪುಸ್ತಕದ ಚರ್ಚೆ ಬದಿಗಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, 14416. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನೂ ಫೋನ್ ಮಾಡಿ ಕೇಳಬಹುದು.

ಕ್ವೀನ್ಸ್‌ನ ಕನ್ನಡತಿ

ನಾನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೇನೆ, ತವರು ದಾವಣಗೆರೆ. ಸೆಂಟ್ರಲ್ ಪಾರ್ಕಿನ ತೆಂಕಣ ತುದಿಯಲ್ಲಿ ಒಂದು ಕೊಳ ಇದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಇಲ್ಲಿನ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಅಂತ ಹೋಲ್ಡನ್ ಟ್ಯಾಕ್ಸಿಯವರನ್ನು ಕೇಳುತ್ತಾನಲ್ಲ, ಅದೇ ಕೊಳ. ಒಬ್ಬ ಡ್ರೈವರ್ ತಮಾಷೆ ಮಾಡುತ್ತಿದ್ದೀಯಾ ಅನ್ನುತ್ತಾನೆ, ಇನ್ನೊಬ್ಬ ಮೀನಿನ ಕಥೆ ಹೇಳುತ್ತಾನೆ. ಯಾರೂ ಉತ್ತರ ಕೊಡುವುದಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ ನಾನೇ ಹೋಗಿ ನೋಡಿದೆ. ಅಂಚಿನಲ್ಲೆಲ್ಲ ಐಸು. ಸ್ವಲ್ಪವೇ ನೀರು ಬಿಟ್ಟುಕೊಂಡಿದ್ದ ಕಡೆ ಒಂದು ಹಿಂಡು ಗುಂಪಾಗಿ ಕೂತಿತ್ತು. ಎಲ್ಲವೂ ಹೋಗುವುದಿಲ್ಲ. ನೀರು ತೆರೆದಿರುವ ಜಾಗ ಹುಡುಕಿಕೊಂಡು ಅಲ್ಲೇ ಇರುತ್ತವೆ.

ಕೊನೆಯಲ್ಲಿ ಫೀಬಿ ಕೂರುವ ಕುದುರೆಗಳ ತಿರುಗಣೆ ಕೂಡ ಆ ಪಾರ್ಕಿನಲ್ಲಿದೆ. ಆದರೆ ಹಳೆಯದು 1950ರಲ್ಲಿ ಸುಟ್ಟುಹೋಯಿತು. ಈಗಿರುವುದು 1908ರಲ್ಲಿ ಕೆತ್ತಿದ್ದು, ಕೋನಿ ಐಲೆಂಡಿನಿಂದ ತಂದು ಕೂರಿಸಿದ್ದು. ನನ್ನ ಮಗನನ್ನು ಮೊದಲ ಸಲ ಒಬ್ಬನೇ ಕೂರಿಸಿದಾಗ ಅವನಿಗೆ ಐದು ವರ್ಷ. ಕುದುರೆಯ ಕಂಬ ಬಿಟ್ಟು ಒಂದು ಕೈಯಿಂದ ನನ್ನತ್ತ ಬೀಸುತ್ತಿದ್ದ. ಕಂಬ ಹಿಡಿ ಅಂತ ಕೂಗಲು ಬಾಯಿ ತೆರೆದವಳು ತಡೆದುಕೊಂಡೆ. ಮಕ್ಕಳು ತಿರುಗುತ್ತಲೇ ಚಿನ್ನದ ಬಣ್ಣದ ಬಳೆಗೆ ಕೈ ಚಾಚುವಾಗ ಏನೂ ಅನ್ನಬಾರದು, ಬಿದ್ದರೆ ಬೀಳಲಿ ಅಂತ ಹೋಲ್ಡನ್‌ಗೆ ಅನ್ನಿಸುವುದು ಆ ತಿರುಗಣೆಯ ಮುಂದೆಯೇ. ಅದಕ್ಕೂ ಹಿಂದಿನ ರಾತ್ರಿಯಷ್ಟೇ, ಹೊಲದಲ್ಲಿ ಆಡುವ ಸಾವಿರಾರು ಮಕ್ಕಳು ಬೆಟ್ಟದ ಅಂಚಿನಿಂದ ಬೀಳದಂತೆ ಹಿಡಿದುಕೊಳ್ಳುವವನಾಗಬೇಕು ಅಂದಿದ್ದ ಹುಡುಗ ಅವನು. ಅಣ್ಣಾ, ನಿಮ್ಮ ಪ್ರಶ್ನೆ ಓದಿದ ಮೇಲೆ ಆ ಎರಡು ಅಧ್ಯಾಯ ಮತ್ತೆ ಓದಿದೆ.

ಸೆಕೆಂಡ್ ಇಯರ್ ಸಿವಿಲ್

ಅಂಕಲ್, ನಾನು ತುಮಕೂರು ಕಡೆಯವನು. ಪಿಯುಸಿಯಲ್ಲಿ ನಾನೂ ಹೀಗೇ ಇದ್ದೆ. ಏನೂ ಸರಿಹೋಗಲ್ಲ ಅಂತ ಹೇಳ್ತಿದ್ದಾಗ ನಾನು ನಾಟಕ ಆಡ್ತಿರಲಿಲ್ಲ, ನಿಜವಾಗಿ ಹಾಗೇ ಕಾಣ್ತಿತ್ತು. “ಪಾಸಿಟಿವ್ ಆಗಿ ಯೋಚನೆ ಮಾಡು” ಅಂತ ಯಾರಾದ್ರೂ ಅಂದ್ರೆ ಅವರ ಹತ್ರ ಮತ್ತೆ ಬಾಯಿ ಬಿಡ್ತಿರಲಿಲ್ಲ. ನಮ್ಮಪ್ಪ ಏನೂ ಕೇಳ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಸಂಜೆ ಮೊರ ತಂದು ನನ್ನ ಮುಂದೆ ಇಟ್ಟು ಅವರೂ ಕೂತ್ಕೊಳ್ಳೋರು. ಇಬ್ಬರೂ ಬಿಡಿಸ್ತಿದ್ವಿ. ಕೈಗೆ ಸೊಗಡು ಅಂಟ್ಕೊಳ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡೋ ಅಗತ್ಯ ಇರಲ್ಲ ನೋಡಿ, ಆಗ ಮಾತು ಬರುತ್ತೆ. ನನಗೆ ನಾಲ್ಕನೇ ದಿನವೋ ಐದನೇ ದಿನವೋ ಬಂತು. ಎದುರಿಗೆ ಕೂರಿಸ್ಕೊಂಡು ಕೇಳ್ಬೇಡಿ ಅಂಕಲ್. ಎಲ್ಲಾದ್ರೂ ಕರ್ಕೊಂಡು ಹೋಗಿ.

ಸಾಗರದ ಅಂಗಡಿಯವರು

ಎಲ್ಲರಿಗೂ ಉತ್ತರ ಬರೆಯಲು ಹದಿನೈದು ದಿನ ತಡವಾಯಿತು. ಮೇಡಂ, ನೀವು ಹೇಳಿದ ಅವತ್ತೇ ಒಂಬತ್ತು, ಹದಿನಾಲ್ಕು ಎರಡೂ ಮತ್ತೆ ಓದಿದೆ. ಹದಿನಾಲ್ಕರ ಮೊದಲ ಪುಟ ನಾನು ದಾಟಿಬಿಟ್ಟಿದ್ದೆ ಅನ್ನುವುದು ನಿಜ.

ಭಾನುವಾರ ಶಿವಮೊಗ್ಗಕ್ಕೆ ಹೋಗಿದ್ದೆ. ಹಾಸ್ಟೆಲ್ಲಿನಲ್ಲಿ ಸಂಜೆ ಆರರವರೆಗೆ ಪರ್ಮಿಷನ್ ಕೊಟ್ಟರು. ತುಮಕೂರಿನ ಹುಡುಗ ಹೇಳಿದ್ದು ನೆನಪಿಟ್ಟುಕೊಂಡು ಹೋಟೆಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆಗೆ ಹೋದೆವು. ಮಳೆಗಾಲದಲ್ಲಿ ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿ ಮರಿ ಮಾಡುತ್ತವೆ. ನವೆಂಬರ್ ಆದ್ದರಿಂದ ಹೆಚ್ಚುಕಡಿಮೆ ಎಲ್ಲವೂ ಹೊರಟುಹೋಗಿದ್ದವು. ಕಡ್ಡಿ ಗೂಡುಗಳು ಮಾತ್ರ ಕೊಂಬೆಗಳಲ್ಲಿ ಹಾಗೇ ಇದ್ದವು. ಇಬ್ಬರೂ ನದಿ ಕಡೆ ಮುಖ ಮಾಡಿ ಕೂತೆವು. ಬಹಳ ಹೊತ್ತು ಮಾತಿಲ್ಲ.

ಆಮೇಲೆ ನಾನು, “ಇವೆಲ್ಲ ಈಗ ಎಲ್ಲಿಗೆ ಹೋಗಿರ್ತಾವೆ?” ಅಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. “ಅಪ್ಪ, ನೀನು ಓದಿದ್ಯಾ?” ಅಂತ ಕೇಳಿದಳು. ಹೌದು, ಡಿಕ್ಷನರಿ ಇಟ್ಟುಕೊಂಡು ಓದಿದೆ, ಮೊದಲ ಹತ್ತು ದಿನ ಆ ಹುಡುಗನ ಮೇಲೆ ಸಿಟ್ಟು ಬಂತು ಅಂದೆ. ಅವಳು, “ನಂಗೂ ಬಂದಿತ್ತು” ಅಂದಳು.

ಬ್ಯಾಗಿನಿಂದ ಅವಳ ಪುಸ್ತಕ ತೆಗೆದಳು. ಒಂದು ಕಡೆ ಬಸ್ ಟಿಕೆಟ್ ಸಿಕ್ಕಿಸಿ ಇಟ್ಟಿದ್ದಳು. ಆ ಪುಟ ತೆರೆದು ನನ್ನ ತೊಡೆಯ ಮೇಲೆ ಇಟ್ಟಳು. ಮೇಡಂ, ಅದು ಹದಿನಾಲ್ಕನೇ ಅಧ್ಯಾಯ. ಸೈಕಲ್ ತಗೊಂಡು ಬಾ ಅಂತ ತಮ್ಮನನ್ನು ಕರೆಯುವ ಜಾಗ.

ನಾನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು. ನಮ್ಮ ತಾಯಿಗೆ ಹಲ್ಲು ಇರಲಿಲ್ಲ. ಎಲೆ, ಅಡಿಕೆ, ಸುಣ್ಣ ಸೇರಿಸಿ ಕುಟ್ಟಾಣಿಯಲ್ಲಿ ಕುಟ್ಟಿ ಕೊಟ್ಟರೆ ಮಾತ್ರ ಕವಳ ಹಾಕುತ್ತಿದ್ದರು. ಸಣ್ಣವಳಿದ್ದಾಗಿನಿಂದ ಅದನ್ನು ಕುಟ್ಟುವುದು ಇವಳ ಕೆಲಸ. ತೀರಿಕೊಂಡ ಹಿಂದಿನ ದಿನ ಸಂಜೆ ಅಜ್ಜಿ, “ಕವಳ ಕುಟ್ಟಿ ಕೊಡೇ” ಅಂದಿದ್ದರಂತೆ. ಇವಳಿಗೆ ಮರುದಿನ ಪ್ರಿಪರೇಟರಿ, ಗಣಿತ. “ಆಮೇಲೆ ಅಜ್ಜಿ” ಅಂತ ಬಾಗಿಲು ಹಾಕಿಕೊಂಡಳಂತೆ. ಅವರು ಎರಡನೇ ಸಲ ಕರೆಯಲಿಲ್ಲವಂತೆ. ನಾವು ಯಾರಿಗೂ ಇದು ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಅಂಗಡಿಯಲ್ಲಿದ್ದೆ.

ಸಂಚಿ ತೆಗೆದು ತೋರಿಸಿದಳು. ಬಸ್ ಪಾಸು ಇಟ್ಟುಕೊಳ್ಳಲಿಕ್ಕೆ ಅಂತ ನಾನು ತಿಳಿದಿದ್ದೆ. ಅದರಲ್ಲಿ ಒಣಗಿದ ನಾಲ್ಕು ಅಡಿಕೆ ಹೋಳು, ಸುಣ್ಣದ ಸಣ್ಣ ಡಬ್ಬಿ, ಪುಡಿಯಾಗಿ ಹೋದ ಒಂದು ವೀಳ್ಯದೆಲೆ ಇದ್ದವು. ಅವಳು ಅತ್ತಳು. ನಾನೂ ಅತ್ತೆ. ತಾಯಿ ಹೋದಾಗ ಕಾರ್ಯ, ನೆಂಟರು, ಅಂಗಡಿ ಅಂತ ನಾನೂ ಅತ್ತಿರಲಿಲ್ಲ ಅಂತ ನನಗೆ ಅಲ್ಲಿ ಕೂತಾಗಲೇ ಗೊತ್ತಾಯಿತು.

ಐದೂವರೆಗೆ ಹಾಸ್ಟೆಲ್ ಗೇಟಿಗೆ ಬಿಟ್ಟೆ. ಇಳಿದು ಹೋದವಳು ವಾಪಸ್ ಬಂದು ಕಾರಿನ ಕಿಟಕಿ ಹತ್ತಿರ ಬಗ್ಗಿ, “ಕುಟ್ಟಾಣಿ ಎಲ್ಲಿದೆ ಅಪ್ಪ?” ಅಂತ ಕೇಳಿದಳು. ಅಟ್ಟದ ಮೇಲೆ ಹಳೇ ಪಾತ್ರೆ ಚೀಲದಲ್ಲಿದೆ ಅಂದೆ. ಮುಂದಿನ ಶನಿವಾರ ಬರುತ್ತಾಳೆ. ಅಷ್ಟರಲ್ಲಿ ಇಳಿಸಿ, ಹುಣಸೆಹಣ್ಣು ಹಾಕಿ ತೊಳೆದು ಇಡಬೇಕು.